ಟೈಟಲ್‌ಗೂ ಮುಂಚೆ

ಪರದೆಯ ಮೇಲೆ ಮುಖ ಕಾಣುತ್ತಿರಲಿಲ್ಲ. ಬರಿಯ ಒಂದು ಕೈ ಬಾಗಿಲ ಹಿಡಿಯನ್ನು ಮೆಲ್ಲನೆ ತಿರುಗಿಸುತ್ತಿತ್ತು. ಪಿಟೀಲುಗಳು ಕೀರಲು ದನಿಯಲ್ಲಿ ಏರುತ್ತಿದ್ದವು. ಮೊದಲ ಪ್ರದರ್ಶನಕ್ಕೆ ತುಂಬಿದ್ದ ಚಿತ್ರಮಂದಿರ ಉಸಿರು ಬಿಗಿಹಿಡಿದಿತ್ತು. ನಾಯಕನೇ ಕೊಲೆಗಾರನೆಂಬುದು ಕೊನೆಯ ದೃಶ್ಯದವರೆಗೂ ಗುಟ್ಟಾಗಿರಬೇಕಿತ್ತು. ನಾಯಕನಟ ಅದನ್ನು ಮನೆಯಲ್ಲೂ ಬಾಯಿಬಿಟ್ಟಿರಲಿಲ್ಲ.

ಥಟ್ಟನೆ ಸಂಗೀತ ನಿಂತಿತು. ಆ ಮೌನದಲ್ಲಿ, ಅವನ ಪಕ್ಕ ಕೂತಿದ್ದ ಅಮ್ಮನ ದನಿ ಮೊಳಗಿತು: “ಅಯ್ಯೋ, ಇದು ನಮ್ಮ ಗುಂಡನ ಕೈ! ಉಗುರು ಕಚ್ಚಬೇಡ್ವೋ ಅಂತ ಎಷ್ಟು ಬಡ್ಕೊಂಡೆ!”

“ಅಮ್ಮಾ, ಸುಮ್ನಿರೇ!” ನಾಯಕನಟ ಕುರ್ಚಿಯಲ್ಲೇ ಕುಸಿದ. ಮುಂದಿನ ಸಾಲಿನಲ್ಲಿ ನಿರ್ದೇಶಕ ತಲೆಯ ಮೇಲೆ ಕೈ ಹೊತ್ತ.

“ಹೆತ್ತವಳಿಗೆ ಗೊತ್ತಾಗಲ್ವೇನೋ?”

ಅಷ್ಟರಲ್ಲಿ ನಗಾರಿ ಗುಡುಗಿ, ಕೆಂಪಕ್ಷರಗಳಲ್ಲಿ ಚಿತ್ರದ ಹೆಸರು ಮೂಡಿತು: ‘ಕೊಂದವನು ಯಾರು?’

ಇಡೀ ಚಿತ್ರಮಂದಿರ ಒಕ್ಕೊರಲಿನಿಂದ ಕೂಗಿತು: “ಗುಂಡ!”