ಹತ್ತಿರದ ಕನ್ನಡಕ

"ದೂರದ್ದು ಮಾತ್ರ ನೋಡಿ, ಸಾಕು," ಎಂದ ಗಂಡ, ಹೆಂಡತಿ ಕುರ್ಚಿಯಲ್ಲಿ ಸರಿಯಾಗಿ ಕೂರುವ ಮೊದಲೇ. "ಹತ್ತಿರದ್ದು ಓದಿ ಹೇಳೋಕೆ ಮನೇಲಿ ನಾನಿದೀನಿ. ನಾಲ್ಕು ವರ್ಷದಿಂದ ಪೇಪರು, ಕಾಗದ ಎಲ್ಲ ನಾನೇ ಓದಿ ಹೇಳೋದು."

ಕನ್ನಡಕದಂಗಡಿಯಾಕೆ ಇಂಥ ಗಂಡಂದಿರನ್ನು ಬೇಕಾದಷ್ಟು ಕಂಡವಳು. ಮೊದಲು ದೂರದ್ದನ್ನೇ ಓದಿಸಿದಳು. ಗೋಡೆಯ ಮೇಲಿನ ಸಾಲುಗಳನ್ನು ಹೆಂಡತಿ ಬರಿಗಣ್ಣಲ್ಲೇ ಕೊನೆಯವರೆಗೂ ಓದಿಬಿಟ್ಟಳು. ಕೆಟ್ಟಿದ್ದು ಹತ್ತಿರದ್ದೇ. ಅಂಗಡಿಯಾಕೆ ಪರೀಕ್ಷೆಯ ಫ್ರೇಮನ್ನು ಅವಳ ಮೂಗಿನ ಮೇಲೆ ಕೂರಿಸಿ, ಒಂದೊಂದೇ ಗಾಜು ಹಾಕಿ ತೆಗೆಯತೊಡಗಿದಳು.

"ಈಗ ಹೇಗಿದೆ ಅಮ್ಮಾ?"

"ಚೆನ್ನಾಗಿದೆ," ಎಂದ ಗಂಡ.

"ಕಣ್ಣು ಅವರದು ಸಾರ್."

ಓದಿಸುವ ಕಾರ್ಡು ಗಿರಾಕಿಗಳ ಬೆರಳಿಗೆ ಸವೆದು ಹೋಗಿತ್ತು. "ನಿಮ್ಮ ಹತ್ರ ಯಾವುದಾದ್ರೂ ಕಾಗದ ಇದ್ರೆ ಅದನ್ನೇ ಓದಿ," ಎಂದಳು. ಹೆಂಡತಿ ಚೀಲದಿಂದ ಸಾಮಾನಿನ ಚೀಟಿ ತೆಗೆದಳು. ಅವಳೇ ದಪ್ಪಕ್ಷರದಲ್ಲಿ ಬರೆದದ್ದು, ಪರೀಕ್ಷೆಗೆ ಸಾಲದು. ಹಿಂಬದಿ ತಿರುಗಿಸಿದಳು. ಅದು ಅವಳ ಕೆಲಸದ ಅರ್ಜಿಗೆ ಹುಡುಗಿಯರ ಹಾಸ್ಟೆಲಿನವರು ಹೋದ ವಾರ ಕಳಿಸಿದ ಕಾಗದ, ಸಣ್ಣ ಟೈಪಿನದು. ಕೆಲಸ ಇಲ್ಲವಂತೆ ಎಂದು ಗಂಡ ಓದಿ ಹೇಳಿದ ದಿನ ಅವಳಿಗೆ ಊಟ ಸೇರಿರಲಿಲ್ಲ. ಆದರೂ ಹಿಂಬದಿ ಖಾಲಿಯಿದ್ದ ಒಳ್ಳೆಯ ಕಾಗದವನ್ನು ಎಸೆಯಲು ಮನಸ್ಸು ಬಂದಿರಲಿಲ್ಲ.

"ಆ ಹಳೇದ್ಯಾಕೆ? ಇವರು ಬೇರೆ ಕೊಡ್ತಾರೆ, ಇರು," ಎಂದು ಗಂಡ ಎದ್ದ.

ಅವಳು ಆಗಲೇ ಓದತೊಡಗಿದ್ದಳು. "ಮೇಲ್ವಿಚಾರಕಿಯ ಕೆಲಸಕ್ಕೆ ತಮ್ಮನ್ನು ಆರಿಸಲಾಗಿದೆ. ವಾಸಕ್ಕೆ ಪ್ರತ್ಯೇಕ ಕೋಣೆ ಕೊಡಲಾಗುವುದು. ಬರುವ ಸೋಮವಾರ..." ಮತ್ತೆ ಮೊದಲಿನಿಂದ ಓದಿದಳು, ಈ ಸಲ ಮನಸ್ಸಿನಲ್ಲೇ.

"ನಿನ್ನ ಒಳ್ಳೇದಕ್ಕೇ ಹೇಳಿದ್ದು ಕಣೇ," ಎಂದ ಗಂಡ. "ಈ ಸೊಂಟನೋವು ಇಟ್ಕೊಂಡು ಐವತ್ತು ಹುಡುಗೀರನ್ನ ಎಲ್ಲಿ ಸಂಭಾಳಿಸ್ತೀಯ? ಮನೆಗೆ ಹೋಗಿ ಮಾತಾಡೋಣ, ಏಳು."

ಅವಳು ಕಾಗದ ಮಡಚಿ ಚೀಲಕ್ಕೆ ಹಾಕಿದಳು. ಅಂಗಡಿಯಾಕೆಯನ್ನೇ ಕೇಳಿದಳು: "ಸೋಮವಾರ ಕೆಲಸಕ್ಕೆ ಸೇರ್ಬೇಕು. ಕನ್ನಡಕ ಯಾವಾಗ ಸಿಗುತ್ತೆ?"

"ನಾಳೆ ಸಂಜೆಗೇ ಕೊಡ್ತೀನಮ್ಮಾ."

ಹೆಂಡತಿ ಫ್ರೇಮು ತೆಗೆಯಲು ಕೈ ಎತ್ತಿದವಳು ಅಲ್ಲೇ ನಿಲ್ಲಿಸಿದಳು. ಗಂಡನ ಕಡೆ ತಿರುಗಿದಳು.

"ಹೋದ ವರ್ಷ ನಮ್ಮಮ್ಮ ಸಾಯೋ ಮುಂಚೆ ಮೂರು ಕಾಗದ ಬರೆದಿದ್ಲಲ್ಲ," ಎಂದಳು. "ಹುಷಾರಾಗಿದೀನಿ, ನೀನು ಬರೋದು ಬೇಡ ಅಂತ ಬರೆದಿದಾಳೆ ಅಂತ ಓದಿ ಹೇಳಿದ್ರಿ. ಅವನ್ನ ಎಲ್ಲಿಟ್ಟಿದೀರಿ?"