ಐಸ್ ಇಲ್ಲದ ದಿನ

ಚಂದ್ರಪ್ಪನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹಾಗಾಗಿ ತಪ್ಪು ಅವನದೇ ಎಂದು ತೀರ್ಮಾನಿಸಲು ಯಾರಿಗೂ ಹೊತ್ತು ಹಿಡಿಯಲಿಲ್ಲ.

"ಐಸ್ ಇಲ್ದ ರಕ್ತ ಯಾಕ ಒಯ್ದಿ?" ಡಾಕ್ಟರ್ ಮೈಲೇಶ ಮೇಜು ಗುದ್ದಿದರು. ಅದರ ಮೇಲೆ ಸಾಕ್ಷಿಯಂತೆ ಅವತ್ತಿನ ಡಬ್ಬಿ ಇತ್ತು.

"ಕರೆಂಟ್ ಇರಲಿಲ್ರಿ ಸಾಹೇಬ್ರ. ಫ್ರಿಜ್ಜಿನಾಗ ಬರೇ ನೀರಿತ್ತು. ಬಸ್ ಹೊಂಟಿತ್ತು..."

"ಬ್ಯಾಡಗಿ ಕೋಲ್ಡ್ ಸ್ಟೋರೇಜಿನಾಗ ಹತ್ತು ವರ್ಷ ಮೆಣಸಿನಕಾಯಿ ಚೀಲ ಹೊತ್ತಾಂವ ನೀ. ತಂಪಿಲ್ದಿದ್ರ ಮಾಲು ಕೆಡತೈತಿ ಅನ್ನೂದನ್ನ ನಿನಗ ನಾ ಕಲಿಸಬೇಕೇನು?"

ಚಂದ್ರಪ್ಪ ತಲೆ ತಗ್ಗಿಸಿದ. ತಂಪಿನಲ್ಲಿಟ್ಟ ಮೆಣಸಿನಕಾಯಿ ವರ್ಷವಾದರೂ ಬಣ್ಣ ಮಾಸುವುದಿಲ್ಲ. ಅದು ಗೊತ್ತಿದ್ದವನೆಂದೇ ಅವನನ್ನು ಈ ಕೆಲಸಕ್ಕೆ ಇಟ್ಟುಕೊಂಡಿದ್ದರು.

ಕ್ಯಾನ್ಸರ್ ಗಡ್ಡೆ ಕೊಯ್ಯುವಾಗ ಕೆಲವು ಜೀವಕೋಶಗಳು ಕಳಚಿ ರಕ್ತ ಸೇರಬಹುದು. ಅವುಗಳ ಪತ್ತೆಗೆ ರಾಣೆಬೆನ್ನೂರಿನ ಈ ಆಸ್ಪತ್ರೆಯಲ್ಲಿ ಆಪರೇಷನ್ ನಡುವೆಯೇ ರಕ್ತ ತೆಗೆದು, ಹುಬ್ಬಳ್ಳಿಯ ಲ್ಯಾಬ್ ಕೊಟ್ಟ ಟ್ಯೂಬಿಗೆ ತುಂಬುತ್ತಿದ್ದರು. ಚಂದ್ರಪ್ಪ ಅದನ್ನು ಬಸ್ಸಿನಲ್ಲಿ ಒಯ್ದು, ಲ್ಯಾಬಿನ ಕಿಟಕಿಯಲ್ಲಿ ಟ್ಯೂಬನ್ನಷ್ಟೇ ಕೊಟ್ಟು, ಡಬ್ಬಿ ವಾಪಸ್ ತರುತ್ತಿದ್ದ. ಪ್ರತಿ ಟ್ಯೂಬಿನ ಜೊತೆ ಸಣ್ಣ ಅಕ್ಷರದ ಇಂಗ್ಲಿಷ್ ಕಾಗದವೊಂದು ಬರುತ್ತಿತ್ತು. ಡಾಕ್ಟರಿಗೆ ಮೂರು ಪದವಿಗಳಿದ್ದವು. ಕಾಗದ ಓದುವ ಅಗತ್ಯವಿರಲಿಲ್ಲ. ಅದನ್ನು ಡಬ್ಬಿಯ ತಳಕ್ಕೆ ಹಾಸಿ, ಮೇಲೆ ಐಸ್ ತುಂಬಿಸುತ್ತಿದ್ದರು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಕಾಗದ ಮುದ್ದೆಯಾಗಿರುತ್ತಿತ್ತು.

ಮೊದಲ ನಲವತ್ತು ರೋಗಿಗಳದ್ದೂ ಒಂದೇ ವರದಿ: ಸೊನ್ನೆ. "ನನ್ನ ಕೈಯಾಗ ಒಂದೂ ಕಳಚಿ ಹೋಗೂದಿಲ್ಲ" ಎಂದು ಡಾಕ್ಟರು ಹಾವೇರಿಯ ಸಭೆಯೊಂದರಲ್ಲಿ ಭಾಷಣ ಮಾಡಿ, ಶಾಲು ಹೊದ್ದು ಬಂದರು. ಸೊನ್ನೆ ಬಂದವರಿಗೆಲ್ಲ ಕಿಮೋ ಬೇಡವೆಂದು ಹೇಳಿ ಮನೆಗೆ ಕಳಿಸಿದರು. ಹದಿನೇಳನೆಯವಳು ಚಂದ್ರಪ್ಪನ ಹೆಂಡತಿ ರೇಣುಕವ್ವ. ಅವಳ ಟ್ಯೂಬಿಗೆ ಅವನು ಎರಡು ಪಟ್ಟು ಐಸ್ ಹಾಕಿ, ಡಬ್ಬಿಯನ್ನು ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡಿದ್ದ.

ನಲವತ್ತೊಂದನೆಯವಳು ಮೆಹಬೂಬಿ. ಐಸ್ ಇಲ್ಲದೆ ಹೋದದ್ದು ಅವಳ ರಕ್ತ. ವರದಿ: ಒಂಬತ್ತು ಕ್ಯಾನ್ಸರ್ ಕೋಶ.

"ಪಾಪ, ಇಕಿ ಒಬ್ಬಾಕಿಗೇ ಹಿಂಗಾತಲ್ಲ" ಎಂದು ಹೊರಗಿನ ಬೆಂಚಿನಲ್ಲಿ ಕೂತಿದ್ದ ರೇಣುಕವ್ವ ಮರುಗಿದಳು. ಅವಳು ತಪಾಸಣೆಗೆ ಬಂದಿದ್ದಳು. ಸೊನ್ನೆಯ ವರದಿ ಸೆರಗಿನ ಗಂಟಿನಲ್ಲಿತ್ತು.

ಮೆಹಬೂಬಿಯ ಮಗಳು ದಿಲನಾಜ ಒಳಗೆ ಬಂದಳು. ಬಿ.ಎಸ್ಸಿ. ಓದುವ ಹುಡುಗಿ.

"ಕೆಟ್ಟ ರಕ್ತದ್ದು ಕೆಟ್ಟ ವರದಿ" ಎಂದರು ಡಾಕ್ಟರು. "ನಿಮ್ಮ ಅಮ್ಮಗ ಏನೂ ಆಗಿಲ್ಲ. ಇಂವನ್ನ ಕೆಲಸದಿಂದ ತಗದೇನಿ. ಕಿಮೋ ಗಿಮೋ ಅಂತ ಅಂಜಬ್ಯಾಡ್ರಿ."

"ಬರೇ ಐಸಿನ ಮ್ಯಾಲ ನಿಂತದ ಏನ್ರಿ ನಿಮ್ಮ ವಿದ್ಯಾ?" ಎಂದವಳೇ ದಿಲನಾಜ ಡಬ್ಬಿ ತೆರೆದಳು. ತಳದಲ್ಲಿ ಕಾಗದವಿತ್ತು. ಒಣಗಿಯೇ ಇತ್ತು. ಒಂದು ಅಕ್ಷರವೂ ಅಳಿಸಿರಲಿಲ್ಲ.

ಅವಳು ಓದಿದಳು. ಇನ್ನೊಮ್ಮೆ ಓದಿದಳು. ಡಾಕ್ಟರ ಕಡೆ ನೋಡಿದಳು.

"ಏನ್ ಬರದೈತಿ ಯವ್ವಾ?" ಚಂದ್ರಪ್ಪ ಕೇಳಿದ.

"ಟ್ಯೂಬ್ ಐಸಿನಾಗ ಇಡಬಾರದಂತ, ಕಾಕಾ. ತಂಪು ಹತ್ತಿದ್ರ ಕೋಶ ಒಡದು ಹೋಗತಾವಂತ. ರಕ್ತದಾಗ ಇದ್ರೂ ಕಾಣೂದಿಲ್ಲಂತ."

ನಲವತ್ತೊಂದು ಟ್ಯೂಬುಗಳಲ್ಲಿ ಹಾಳಾದದ್ದು, ಹದಿನೇಳನೆಯದೂ ಸೇರಿ, ನಲವತ್ತು.