ಬಂಡೆ ಬಿಟ್ಟ ಸಪ್ಪಳ

ಜಾಲಿ ಕಟ್ಟಿಗೆಯ ಹೊಗೆ ಮೂಗಿಗೆ ಬಡಿದರೆ ಇಂದಿಗೂ ಮಸ್ಕಿ ಕಡೆಯ ಗುಡ್ಡದ ಆ ಮಧ್ಯಾಹ್ನ ನೆನಪಾಗುತ್ತದೆ.

ಕಲ್ಲು ಒಡೆದೂ ಒಡೆದೂ ಅಪ್ಪನ ಕಿವಿ ಮಂದವಾಗಿತ್ತು. ಅವನು ಹಾಸುಬಂಡೆಯ ಮೇಲೆ ಬೆಂಕಿ ಹಚ್ಚಿ, ಕೆಂಡವನ್ನು ಮೆಲ್ಲಗೆ ಮುಂದೆ ಸರಿಸುತ್ತಿದ್ದ. ಕಾದ ಕಲ್ಲು ಉಬ್ಬಿ ಪದರವಾಗಿ ಏಳಬೇಕು. ಉರಿ ಹೆಚ್ಚಾದರೆ ಅದು ಚೂರಾಗಿ, ವಾರದ ದುಡಿಮೆ ಮಣ್ಣುಪಾಲಾಗುತ್ತಿತ್ತು. ಅವ್ವ ಅಲ್ಲಲ್ಲಿ ಸುತ್ತಿಗೆಯಿಂದ ಬಡಿದು ಕೇಳುತ್ತಿದ್ದಳು. ಠಣ್, ಠಣ್ ಎನ್ನುತ್ತಿದ್ದ ಕಲ್ಲು ಒಮ್ಮೆಲೇ ಖಾಲಿ ಕೊಡದಂತೆ ಡಬ್ ಎಂದಿತು.

"ಪದರ ಬಿಡಾಕತ್ತೈತಿ, ಈ ಕಡೆ ಬರ್ರೀ!" ಎಂದು ಅವ್ವ ಕೈ ಬೀಸಿದಳು.

ಬಂಡೆಯೊಳಗೆ ಗುಡುಗಿತು. ಕೂದಲೆಳೆಯಂಥ ಬಿರುಕೊಂದು ನಮ್ಮ ಮನೆಗಿಂತ ಉದ್ದಕ್ಕೆ ಓಡಿತು. ಚಪ್ಪಡಿ ಇಡಿಯಾಗಿ ಎದ್ದಿತ್ತು.

ಆಮೇಲೆ ನಾನು ಅಪ್ಪನ ಕಿವಿಗೆ ಬಾಯಿಟ್ಟು ಕೂಗಿದೆ: "ಅಪ್ಪಾ, ಸಪ್ಪಳ ಕೇಳಿಸ್ತೇನು?"

ಅವನು ತನ್ನ ಬರಿಗಾಲು ತೋರಿಸಿ ನಕ್ಕ. "ಇಲ್ಲಿ ಕೇಳಿಸ್ತು ನೋಡವಾ."